ನೆಲೆ ತೊರೆದ ಕೋಶಗಳು

ಸಾಗರದ ವೈದ್ಯಮಿತ್ರರೊಬ್ಬರು ಸೂಕ್ಷ್ಮದರ್ಶಕದಡಿಯಲ್ಲಿ ತೋರಿಸಿದ ಬಾಯಿಯ ಅರ್ಬುದದ ತೆಳುಪದರವೊಂದು ಇನ್ನೂ ನನ್ನ ಕಣ್ಣಿನಿಂದ ಅಗಲಿಲ್ಲ. ಕೋಶಗಳನ್ನು ಪರಸ್ಪರ ಬಂಧಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಇರುವೆಡೆಯಲ್ಲೆಲ್ಲ ಕಂದುಬಣ್ಣ ಹಿಡಿಯುವಂತೆ ಸಂಸ್ಕರಿಸಿದ ಆ ಪದರದಲ್ಲಿ, ಗಡ್ಡೆಯ ನಡುಭಾಗದ ಕೋಶಕೋಶಕ್ಕೂ ಸ್ಫುಟವಾದ ಎಲ್ಲೆಗೆರೆಯಿದ್ದಿತು. ಆದರೆ ಗಡ್ಡೆಯು ಮಾಂಸದೊಳಕ್ಕೆ ನುಗ್ಗುತ್ತಿದ್ದ ಅಂಚಿನಲ್ಲಿ ಗೆರೆಗಳು ಮಾಸಿ, ಕೋಶಗಳು ನೀಳವಾಗಿ, ನೆರೆಯ ಸಂಗವನ್ನು ತೊರೆದು ಒಂದೊಂದಾಗಿ ಹೊರಟಿದ್ದುವು.

ಅರ್ಬುದವು ಮಿತಿಮೀರಿದ ವೃದ್ಧಿಯೆಂಬುದು ಸರ್ವವಿದಿತ. ಹರಡುವುದಕ್ಕೆ ಮಾತ್ರ ವೃದ್ಧಿಯೊಂದೇ ಸಾಲದು. ಹೊದಿಕೆಯಾಗಿ ಒತ್ತಾಗಿ ನಿಂತ ಕೋಶವು ಸ್ವಧರ್ಮವನ್ನು ನೀಗಿ ಸಂಚಾರಿಯ ಗುಣಗಳನ್ನು ತಳೆಯುತ್ತದೆ. ಕತ್ತಿನ ಗ್ರಂಥಿಯನ್ನೋ ದೂರದ ಅಂಗವನ್ನೋ ಸೇರಿದ ಮೇಲೆ ಹಲವು ವೇಳೆ ಪೂರ್ವರೂಪಕ್ಕೆ ಮರಳಿ ಹೊಸ ಗಡ್ಡೆಯನ್ನು ಕಟ್ಟುತ್ತದೆ. ಭ್ರೂಣದ ಬೆಳವಣಿಗೆಯಲ್ಲಿ ಸಹಜವಾದ ಈ ಪರಿವರ್ತನೆಯನ್ನು 1982ರಲ್ಲಿ ಗ್ರೀನ್‌ಬರ್ಗ್ ಮತ್ತು ಎಲಿಜಬೆತ್ ಹೇ, ಹೊದಿಕೆಕೋಶಗಳನ್ನು ಕೊಲ್ಲಾಜೆನ್ ಎಂಬ ನಾರುಪ್ರೋಟೀನಿನ ಜೆಲ್ಲಿಯೊಳಗಿರಿಸಿ ತೋರಿಸಿದರು. ಎರಡು ಗುಣಗಳನ್ನೂ ಏಕಕಾಲದಲ್ಲಿ ಧರಿಸಿದ ಮಿಶ್ರಸ್ಥಿತಿಯ ಕೋಶಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೋಹಿತ್ ಕುಮಾರ್ ಜಾಲಿ ಅವರ ತಂಡವು ಗಣಿತದ ನೆರವಿನಿಂದ ಅಭ್ಯಸಿಸುತ್ತಿದೆ.

ಕೊಲ್ಲಾಜೆನ್ ಎಂದೊಡನೆ ನನ್ನ ಮನಸ್ಸು ಚೊಗರಿನತ್ತ ಹರಿಯುತ್ತದೆ. ಸುಗ್ಗಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಮನೆಯ ಹಂಡೆಗಳಲ್ಲಿ ಅಡಿಕೆಯೊಂದಿಗೆ ಕುದಿಯುವ ಈ ರಸದಿಂದ ಹೆಗ್ಗೋಡಿನ ಬಳಿಯ ಭೀಮನಕೋಣೆಯ ಚರಕ ಸಂಸ್ಥೆಯವರು ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ. ಆ ಕೆಂಗಂದಿಗೆ ಸಮನಾದ ಬಣ್ಣವನ್ನು ನಾನು ಬೇರೆ ಕಂಡಿಲ್ಲ. ಚೊಗರಿಗೆ ಒಗರನ್ನು ಕೊಡುವ ಟ್ಯಾನಿನ್ನುಗಳ ವರ್ಗವೇ ತೊಗಲನ್ನು ಹದಮಾಡುವುದು: ಅದರ ಕೊಲ್ಲಾಜೆನ್ ಎಳೆಗಳನ್ನು ಬಿಗಿದು, ಕೊಳೆಯದಂತೆ ನಿಲ್ಲಿಸುವುದು. ಸದಾ ಅಡಿಕೆಯನ್ನು ಒತ್ತಿಕೊಂಡ ಕೆನ್ನೆಯೊಳಗೂ, ಅಡಿಕೆಯ ಅರೆಕೋಲಿನ್ ಎಂಬ ವಸ್ತುವು ಕೊಲ್ಲಾಜೆನ್ನಿನ ಉತ್ಪತ್ತಿಯನ್ನು ಕೆರಳಿಸುತ್ತಿರಲು, ಟ್ಯಾನಿನ್ ಅದನ್ನು ಕರಗಗೊಡದು. ಅಡಿಕೆಯಲ್ಲಿರುವ ತಾಮ್ರವು ಎಳೆಗಳ ಬೆಸುಗೆಗೆ ಒದಗುವುದು. ಲೋಳ್ಪೊರೆಯ ಅಡಿ ನಾರುಗಟ್ಟಿ ಬಾಯಿ ಬಿಗಿಯುವ ಈ ವ್ಯಾಧಿಯಲ್ಲಿ ಹೆಚ್ಚುವ ಟಿಜಿಎಫ್-ಬೀಟಾ ಎಂಬ ಸಂಕೇತವಸ್ತುವೇ ಕೋಶಗಳ ಸ್ವಭಾವಾಂತರಕ್ಕೂ ಪ್ರಬಲ ಪ್ರೇರಕವಾಗಿದೆ.

ಹೀಗೆ ಬಾಯಿ ಬಿಗಿದವರೆಲ್ಲರಿಗೂ ಅರ್ಬುದವಾಗುವುದಿಲ್ಲ: ಎರ್ನಾಕುಲಂ ಜಿಲ್ಲೆಯಲ್ಲಿ 17 ವರ್ಷಗಳ ಅವಧಿಯಲ್ಲಿ ಗಮನಿಸಿದ 66 ರೋಗಿಗಳಲ್ಲಿ 5 ಮಂದಿಗೆ ಆಯಿತು. ದೋಷವೆಲ್ಲ ತಂಬಾಕಿನದು, ಅಡಿಕೆ ನಿರಪರಾಧಿಯೆಂಬ ನಮ್ಮ ಕಡೆಯ ವಾದವನ್ನು, ತೋಟದ ಅನ್ನವುಂಡ ನಾನು ಎಷ್ಟು ಬಯಸಿದರೂ ಒಪ್ಪಲಾರೆ; ತಂಬಾಕಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಕವಳ ಹಾಕುವ ಬಂಧುಗಳೇ, ಖಾರ ತಾಗಿದೊಡನೆ ಬಾಯಿ ಉರಿದರೆ, ಕೆನ್ನೆಯ ಒಳಭಾಗ ಬಿಳಿಚಿದರೆ, ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಅಡಿಕೆಯನ್ನು ಅಂದೇ ಬಿಟ್ಟು ದಂತವೈದ್ಯರಿಗೆ ತೋರಿಸಿರಿ.