ಸ್ಪಿತಿ: ಉಸಿರು ನೋಡಿಕೊಂಡು ಪೆಡಲ್ ತುಳಿಯುವ ಕಣಿವೆ

ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯ ಖಾಬ್‌ನಲ್ಲಿ ಎರಡು ನದಿಗಳು ಕೂಡುತ್ತವೆ. ಟಿಬೆಟ್ ಕಡೆಯಿಂದ ಬೆಟ್ಟ ಸೀಳಿಕೊಂಡು ಬರುವ ಸತ್ಲೆಜ್ ಒಂದು, ಕುಂಜುಮ್ ಶ್ರೇಣಿಯಲ್ಲಿ ಹುಟ್ಟಿ ಹರಿದು ಬರುವ ಸ್ಪಿತಿ ಇನ್ನೊಂದು. ಇಲ್ಲಿನ ಸೇತುವೆ ದಾಟಿದರೆ 505ನೇ ರಾಷ್ಟ್ರೀಯ ಹೆದ್ದಾರಿ. ಬಂಡೆ ಕೊರೆದು ಮಾಡಿದ ರಸ್ತೆ, ಬಳಿಕ ಮಡಿಕೆ ಮಡಿಕೆಯಾಗಿ ಮೇಲೇರುವ ತಿರುವುಗಳು. ಸುಮಾರು 30 ಕಿ.ಮೀ. ತುಳಿದು ನಾಕೊ ಹಳ್ಳಿಯ ಪುಟ್ಟ ಕೆರೆಯ ದಡ ಸೇರುವಷ್ಟರಲ್ಲಿ ಸವಾರ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರಿರುತ್ತಾನೆ. ತಲೆಯ ಮೇಲೆ ಹಿಮಾಚಲದ ಅತಿ ಎತ್ತರದ ಶಿಖರ, 6,816 ಮೀಟರಿನ ರಿಯೊ ಪುರ್ಗಿಲ್.

ಸ್ಪಿತಿಗೆ ಸೈಕಲ್ ಒಯ್ಯುವವರಿಗೆ ಎರಡು ಬಾಗಿಲುಗಳಿವೆ: ಶಿಮ್ಲಾ–ಕಿನ್ನೌರ್ ಕಡೆಯದು ಒಂದು, ಮನಾಲಿ ಕಡೆಯದು ಇನ್ನೊಂದು. ಒಳಗೆ ಹೋಗುವುದು ಕಿನ್ನೌರ್ ಬಾಗಿಲಿನಿಂದಲೇ ಆಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. ಅಲ್ಲಿಂದ ಹೊರಟವರು ದೇಹಕ್ಕೆ ಯಾವ ಅಭ್ಯಾಸವೂ ಆಗುವ ಮೊದಲೇ 4,550 ಮೀಟರಿನ ಕುಂಜುಮ್ ಲಾ ಎಂಬ ಘಟ್ಟವನ್ನು ಎದುರಿಸಬೇಕಾಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ಕ್ಕಿಂತಲೂ ಕಡಿಮೆ. ತಲೆನೋವು, ವಾಕರಿಕೆ, ನಿದ್ರೆ ಬಾರದ ರಾತ್ರಿ, ಕೆಲವೊಮ್ಮೆ ಜೀವಕ್ಕೇ ಅಪಾಯ. ಕಿನ್ನೌರ್ ದಾರಿಯ ಸ್ವಭಾವವೇ ಬೇರೆ. ಸತ್ಲೆಜ್ ದಡದ ರಾಂಪುರ ಸುಮಾರು 1,000 ಮೀಟರ್, ರೆಕಾಂಗ್ ಪಿಯೊ 2,300ರ ಆಸುಪಾಸು, ನಾಕೊ 3,600. ಮುಂದೆ ಟಾಬೊಗೆ ಬರುವಾಗ ರಸ್ತೆ 3,300ಕ್ಕೆ ಇಳಿದು, ಕಾಜಾದಲ್ಲಿ ಮತ್ತೆ 3,650ಕ್ಕೆ ಏರುತ್ತದೆ. ಹಗಲು ಎತ್ತರ ಹತ್ತು, ರಾತ್ರಿ ತಗ್ಗಿನಲ್ಲಿ ಮಲಗು ಎಂದು ಪರ್ವತಾರೋಹಿಗಳು ಹೇಳುವ ಪಾಠವನ್ನು ಈ ರಸ್ತೆ ತಾನಾಗಿಯೇ ಪಾಲಿಸುತ್ತದೆ. ಜೀಪಿನಲ್ಲಿ ಹೋದವರು ಎರಡು ದಿನಗಳಲ್ಲಿ ಮುಗಿಸುವ, ಶಿಮ್ಲಾದಿಂದ ಕಾಜಾವರೆಗಿನ ಈ ಸುಮಾರು 420 ಕಿ.ಮೀ. ದೂರಕ್ಕೆ ಸೈಕಲ್ ಸವಾರರು ಎಂಟು–ಹತ್ತು ದಿನ ತೆಗೆದುಕೊಳ್ಳುತ್ತಾರೆ. ಆ ನಿಧಾನವೇ ಅವರಿಗೆ ಮದ್ದು.

ಈ ದಾರಿಗೂ ತನ್ನದೇ ಕಷ್ಟಗಳಿವೆ. ಮುಂಗಾರಿನ ಜುಲೈ–ಆಗಸ್ಟ್‌ನಲ್ಲಿ ಕಿನ್ನೌರ್‌ನ ಗುಡ್ಡಗಳು ಕುಸಿಯುತ್ತವೆ. ಹಾಗಾಗಿ ಜೂನ್ ತಿಂಗಳು, ಅಥವಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗಿನ ಅವಧಿ ಒಳ್ಳೆಯದು. ಸ್ಪಿತಿಯ ಒಳಗೆ ಮಳೆ ಅಪರೂಪ, ಹಿಮಾಲಯದ ಎತ್ತರದ ಶ್ರೇಣಿಗಳು ಮೋಡಗಳನ್ನು ಆಚೆಯೇ ತಡೆಯುತ್ತವೆ. ಆದರೂ ನೆಲ ಸಡಿಲ. ನಾಕೊ ಸಮೀಪದ ಮಲ್ಲಿಂಗ್ ನಾಲಾದಲ್ಲಿ ಕಲ್ಲು ಉರುಳುತ್ತಲೇ ಇರುತ್ತದೆ. ಅಲ್ಲಿ ಫೋಟೊಗೆಂದು ನಿಲ್ಲಬೇಡಿ, ಮೇಲೊಂದು ಕಣ್ಣಿಟ್ಟು ದಾಟಿಬಿಡಿ. 1975ರ ಜನವರಿಯ ಭೂಕಂಪ ಈ ಪ್ರದೇಶವನ್ನೆಲ್ಲ ಅಲುಗಿಸಿತ್ತು. 2005ರ ಜೂನ್‌ನಲ್ಲಿ ಟಿಬೆಟ್‌ನ ಪಾರೆಚು ನದಿಗೆ ಅಡ್ಡಲಾಗಿ ಕುಸಿದಿದ್ದ ಮಣ್ಣಿನ ಕಟ್ಟೆ ಒಡೆದು, ಸುಮ್ದೊದ ಬಳಿ ಸ್ಪಿತಿಗೆ ಬಂದು ಬೀಳುವ ಆ ನೀರು ಸತ್ಲೆಜ್‌ವರೆಗೆ ಸೇತುವೆಗಳನ್ನೂ ರಸ್ತೆಯನ್ನೂ ಕೊಚ್ಚಿಕೊಂಡು ಹೋಯಿತು. ಇಂಥ ನೆಲದಲ್ಲಿ ವರ್ಷವಿಡೀ ರಸ್ತೆ ಉಳಿಸಿಕೊಳ್ಳುವವರು ಗಡಿ ರಸ್ತೆ ಸಂಸ್ಥೆಯ ಕೂಲಿಕಾರರು. ಡಾಂಬರಿನ ಡ್ರಮ್ಮಿನ ಪಕ್ಕ ಕೆಲಸದಲ್ಲಿರುವ ಅವರನ್ನು ಕಂಡಾಗ ಒಂದು ಕ್ಷಣ ನಿಂತು 'ಜೂಲೇ' ಅನ್ನಿ, ಇಲ್ಲಿ ನಮಸ್ಕಾರಕ್ಕೂ ಧನ್ಯವಾದಕ್ಕೂ ಅದೇ ಮಾತು.

ಟಾಬೊದಲ್ಲಿ ಕನಿಷ್ಠ ಒಂದು ಇಡೀ ದಿನ ಸೈಕಲ್ಲನ್ನು ಗೋಡೆಗೆ ಒರಗಿಸಿಡಬೇಕು. ಗುಗೆ ರಾಜ್ಯದ ಯೇಶೆ ಓದ್ ದೊರೆ ಇಲ್ಲಿನ ವಿಹಾರವನ್ನು ಕಟ್ಟಿಸಿದ್ದು ಕ್ರಿ.ಶ. 996ರಲ್ಲಿ. ಹೊರಗಿನಿಂದ ನೋಡಿದರೆ ಮಣ್ಣು ಮೆತ್ತಿದ ಗೋಡೆಗಳಷ್ಟೇ, ಅಲಂಕಾರವೇನೂ ಇಲ್ಲ. ಬಾಗಿ ಒಳಹೊಕ್ಕು ಕಣ್ಣು ಕತ್ತಲೆಗೆ ಒಗ್ಗುತ್ತಿದ್ದಂತೆ ಗೋಡೆಯ ಸುತ್ತಲೂ ಮಣ್ಣಿನಲ್ಲೇ ಮಾಡಿದ ದೇವತೆಗಳು ಒಬ್ಬೊಬ್ಬರಾಗಿ ಕಾಣಿಸುತ್ತಾರೆ. ಆಳೆತ್ತರದ ಆಸುಪಾಸಿನ ಆ ಮೂರ್ತಿಗಳೂ ನಡುವಿನ ವೈರೋಚನನೂ ಸೇರಿ ಇಡೀ ಕೋಣೆಯೇ ಒಂದು ವಜ್ರಧಾತು ಮಂಡಲ. ಮಂಡಲವನ್ನು ದೂರದಿಂದ ನೋಡುವ ಮಾತೇ ಇಲ್ಲ, ಅದರೊಳಗೇ ನಿಂತಿರುತ್ತೀರಿ. ಮೂರ್ತಿಗಳ ಕೆಳಗೆ ಬುದ್ಧನ ಬದುಕನ್ನು ಹೇಳುವ ಚಿತ್ರಗಳಿವೆ. ಬಣ್ಣಗಳಿಗೆ ಹಾನಿಯಾಗಬಾರದೆಂದು ಒಳಗೆ ಕ್ಯಾಮೆರಾ ನಿಷೇಧ. 1996ರಲ್ಲಿ ವಿಹಾರಕ್ಕೆ ಸಾವಿರ ವರ್ಷ ತುಂಬಿದಾಗ ದಲೈ ಲಾಮಾ ಇಲ್ಲಿ ಕಾಲಚಕ್ರ ದೀಕ್ಷೆ ನೀಡಿದ್ದರು. ಸ್ಪಿತಿಯ ಹುಡುಗರು ಬೌದ್ಧ ಶಾಸ್ತ್ರದ ಮೇಲ್ಮಟ್ಟದ ಓದಿಗೆ ನಮ್ಮ ಮುಂಡಗೋಡು, ಬೈಲಕುಪ್ಪೆಗಳ ವಿಹಾರಗಳಿಗೆ ಬರುವುದುಂಟು. ಊರು ಕರ್ನಾಟಕ ಎಂದರೆ ಭಿಕ್ಷುಗಳ ಜೊತೆ ಮಾತು ಬೇಗ ಬೆಳೆಯುತ್ತದೆ.

ಟಾಬೊದಿಂದ ಕಾಜಾಕ್ಕೆ 47 ಕಿ.ಮೀ. ಗಟ್ಟಿಗರು ಅರ್ಧ ದಿನದಲ್ಲಿ ಮುಗಿಸಿಬಿಡಬಹುದು, ಆದರೆ ಹಾಗೆ ಮುಗಿಸಿದರೆ ಸ್ಪಿತಿಯನ್ನು ನೋಡಿದಂತಾಗುವುದಿಲ್ಲ. ನಡುವೆ ಬಲಕ್ಕೆ ಏರುವ ರಸ್ತೆ ಧನಕರ್‌ಗೆ ಹೋಗುತ್ತದೆ. ಹಿಂದೆ ಸ್ಪಿತಿಯ ರಾಜಧಾನಿಯಾಗಿದ್ದ ಊರು ಅದು, ಕೊರಕಲು ಬಿದ್ದ ಮಣ್ಣಿನ ಕೋಡುಗಲ್ಲುಗಳ ತುದಿಯಲ್ಲಿ ಗೊಂಪ, ಅಂದರೆ ಬೌದ್ಧ ವಿಹಾರ. ಕೆಳಗೆ ಪಿನ್ ನದಿ ಸ್ಪಿತಿಗೆ ಸೇರುವ ಅಗಲವಾದ ಬಯಲು. ಇನ್ನೂ ಮುಂದೆ ಅಟಾರ್ಗು ಸೇತುವೆ ದಾಟಿದರೆ ಪಿನ್ ಕಣಿವೆ, 33 ಕಿ.ಮೀ. ಆಚೆ ಮುದ್ ಹಳ್ಳಿಯಲ್ಲಿ ರಸ್ತೆಯೇ ಮುಗಿಯುತ್ತದೆ. ಚುಮುರ್ತಿ ತಳಿಯ ಕುದುರೆಗಳಿಗೆ ಹೆಸರಾದ ಕಣಿವೆ ಅದು. ಮುದ್‌ವರೆಗಿನ ಏರು ಸೌಮ್ಯ, ವಾಹನವೂ ವಿರಳ. ಇಡೀ ಸ್ಪಿತಿಯಲ್ಲಿ ಒಂದೇ ಅಡ್ಡದಾರಿ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಬೂದು, ಕಂದು, ನೇರಳೆ ಬೆಟ್ಟಗಳ ನಡುವೆ ಥಟ್ಟನೆ ಹಸಿರು ಕಂಡರೆ ಹಳ್ಳಿ ಬಂತೆಂದೇ ಅರ್ಥ. ಆ ಹಸಿರಿನ ಹಿಂದೆ ಇರುವುದು ಮೇಲಿನ ಹಿಮದ ಒಸರಿನಿಂದ ಮೈಲಿಗಟ್ಟಲೆ ನೀರು ತರುವ 'ಕೂಲ್' ಎಂಬ ಕಾಲುವೆ. ನೀರಿನ ಸರದಿಯನ್ನು ಊರವರೇ ಕಟ್ಟುನಿಟ್ಟಾಗಿ ಹಂಚಿಕೊಳ್ಳುತ್ತಾರೆ. ಬಾರ್ಲಿ ಮನೆಗೆ, ಹಸಿ ಬಟಾಣಿ ಮಾರುಕಟ್ಟೆಗೆ. ದುಡ್ಡು ಕೊಟ್ಟು ತಂಗಿದ ಪ್ರವಾಸಿ ಬಕೆಟ್‌ಗಟ್ಟಲೆ ಬಿಸಿನೀರು ಕೇಳಿದಾಗ ಅದು ಯಾರ ಪಾಲಿನ ನೀರು ಎಂದು ಯೋಚಿಸಬೇಕು. ಹೋಮ್‌ಸ್ಟೇಗಳ ಒಣ ಶೌಚಾಲಯವೂ ಈ ಲೆಕ್ಕಾಚಾರದ್ದೇ ಭಾಗ: ಮಲಕ್ಕೆ ಮಣ್ಣು, ಬೂದಿ ಬೆರೆತು ಮುಂದಿನ ಬೇಸಿಗೆಗೆ ಹೊಲದ ಗೊಬ್ಬರವಾಗುತ್ತದೆ.

ಕಾಜಾ ಈ ಕಣಿವೆಯ ಪೇಟೆ. ಬ್ಯಾಂಕು, ಆಸ್ಪತ್ರೆ, ಪೆಟ್ರೋಲ್ ಬಂಕ್ ಎಲ್ಲವೂ ಇವೆ. ಸೈಕಲ್ಲಿನ ಬಿಡಿಭಾಗ ಮಾತ್ರ ಸಿಗುತ್ತದೆಂದು ನಂಬಿ ಹೋಗಬೇಡಿ. ಇಲ್ಲಿ ಸಾಮಾನು ಇಳಿಸಿ ಹಗುರ ಸೈಕಲ್ಲಿನಲ್ಲಿ ಮೇಲಿನ ಹಳ್ಳಿಗಳನ್ನು ಸುತ್ತಬಹುದು. ಲಾಂಗ್ಜಾ 4,400 ಮೀಟರ್, ಬೆನ್ನಿಗೆ 6,303 ಮೀಟರಿನ ಚೌ ಚೌ ಕಾಂಗ್ ನಿಲ್ದಾ ಶಿಖರ. ಅಲ್ಲಿಂದ ಹಿಕ್ಕಿಮ್, ಕೋಮಿಕ್. ಹಿಕ್ಕಿಮ್‌ನ ಅಂಚೆ ಕಚೇರಿ 1983ರಿಂದ ನಡೆಯುತ್ತಿದೆ, ಊರಿಗೊಂದು ಕಾರ್ಡು ಬರೆದು ಹಾಕದೆ ಬರುವವರು ಕಡಿಮೆ. ಲಾಂಗ್ಜಾ ಸುತ್ತಿನ ಕಪ್ಪು ಪದರುಗಲ್ಲು ಒಂದು ಕಾಲಕ್ಕೆ ಟೆಥಿಸ್ ಸಮುದ್ರದ ತಳದ ಕೆಸರು. ಭಾರತದ ನೆಲ ಏಷ್ಯಾಕ್ಕೆ ಒತ್ತಿದಾಗ ಆ ತಳವೇ ಮೇಲೆದ್ದು ಬೆಟ್ಟವಾಯಿತು. ನಮ್ಮ ದೇವರಮನೆಗಳಲ್ಲಿ ಸಾಲಿಗ್ರಾಮವೆಂದು ಪೂಜೆಗೊಳ್ಳುವ ಅಮೊನೈಟ್ ಎಂಬ ಕಡಲಜೀವಿಯ ಕಲ್ಲಚ್ಚು ಇಲ್ಲೂ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ, ಎತ್ತಿಕೊಂಡೂ ಬರಬೇಡಿ. ಅದು ಇದ್ದಲ್ಲೇ ಇದ್ದರೆ ಮಾತ್ರ ನೆಲದ ಕಥೆ ಹೇಳುತ್ತದೆ.

ಕಾಜಾದಿಂದ ಮುಂದಕ್ಕೆ ಹೆದ್ದಾರಿ ಬಿಟ್ಟು ಕೀ ಗೊಂಪದ ಕಡೆ ಹತ್ತಿ, ಕಿಬ್ಬರ್ ದಾಟಿ, ಚಿಚಮ್ ಸೇತುವೆ ಮೂಲಕ ಲೋಸರ್ ರಸ್ತೆಗೆ ಇಳಿಯುವುದು ಸೈಕಲ್ಲಿನವರಿಗೆ ಹೇಳಿ ಮಾಡಿಸಿದ ದಾರಿ. 2017ರಲ್ಲಿ ಸೇತುವೆ ಆಗುವವರೆಗೆ ಆ ಭಾರೀ ಕಮರಿಯನ್ನು ಊರವರು ಹಗ್ಗದ ಮೇಲೆ ಜೋತ ತೊಟ್ಟಿಲಲ್ಲಿ ಕೂತು ದಾಟುತ್ತಿದ್ದರು. ಕಿಬ್ಬರ್ ಹಿಮಚಿರತೆಯ ನಾಡು. ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ವಿಜ್ಞಾನಿಗಳು, ಅವರಲ್ಲೂ ಚಾರುದತ್ತ ಮಿಶ್ರಾ, ಈ ಹಳ್ಳಿಯವರ ಜೊತೆ ಕೂತು ಒಂದು ಒಪ್ಪಂದಕ್ಕೆ ಬಂದರು. ಹುಲ್ಲುಗಾವಲಿನ ಒಂದು ಭಾಗದಲ್ಲಿ ಊರವರು ದನ ಮೇಯಿಸುವುದನ್ನು ನಿಲ್ಲಿಸಿದರು, ಕಾಡುಕುರಿ ಭರಲ್‌ಗಳು ಹೆಚ್ಚಿದವು. ಚಿರತೆ ಹಿಡಿದ ಜಾನುವಾರಿಗೆ ಊರವರೇ ನಡೆಸುವ ವಿಮೆ ಬಂತು. ಕುರಿ ಕಳೆದುಕೊಂಡವನ ಕೋಪ ಚಿರತೆಯ ಮೇಲೆ ತಿರುಗದಂತೆ ಮಾಡಿದ ಈ ಕೆಲಸದ ಬಗ್ಗೆ ಕನ್ನಡದಲ್ಲಿ ಇನ್ನೂ ಹೆಚ್ಚು ಮಾತಾಗಬೇಕು.

ಲೋಸರ್ ಕೊನೆಯ ಹಳ್ಳಿ, 4,080 ಮೀಟರ್. ಅಲ್ಲಿಂದ ಕುಂಜುಮ್ ನೆತ್ತಿಗೆ 19 ಕಿ.ಮೀ. ಏರು. ಇಷ್ಟು ದಿನ ನಿಧಾನವಾಗಿ ಬಂದವರಿಗೆ ಅದು ಕಠಿಣವಾದರೂ ಭಯದ್ದಲ್ಲ. ಮೇಲಿನ ಕುಂಜುಮ್ ದೇವಿಯ ಗುಡಿಗೆ ಲಾರಿ, ಬಸ್ಸುಗಳೂ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತವೆ, ಸೈಕಲ್ಲೂ ಹಾಕಲಿ. ಆಚೆ ಇಳಿದರೆ ಚಂದ್ರಾ ನದಿಯ ಕಣಿವೆ, ಚಂದ್ರತಾಲ್ ಸರೋವರದ ಕವಲು, ಬಾತಾಲ್‌ನ ಢಾಬಾಗಳ ಬಿಸಿ ಅನ್ನ–ರಾಜ್ಮಾ.

ಬಾತಾಲ್‌ನಿಂದ ಛತ್ರು ಮಾರ್ಗವಾಗಿ ಗ್ರಾಂಫುವರೆಗೆ ಇಡೀ ಪಯಣದ ಅತಿ ಒರಟು ಹಾದಿ. ಉರುಟುಕಲ್ಲು, ರಸ್ತೆಗೇ ಅಡ್ಡ ಹರಿಯುವ ನಾಲಾಗಳು. ಬಿಸಿಲೇರಿದಂತೆ ಹಿಮನದಿ ಕರಗಿ, ಬೆಳಿಗ್ಗೆ ಪಾದ ಮುಳುಗಿಸುವ ನೀರು ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತದೆ. ಬೆಳಕು ಹರಿಯುವಾಗಲೇ ಹೊರಟು ದೊಡ್ಡ ನಾಲಾಗಳನ್ನು ಹತ್ತು ಗಂಟೆಯೊಳಗೆ ದಾಟಬೇಕು. ಎರಡು ಇಂಚಿನ ಅಗಲದ ಟೈರು, ತೀರಾ ಹಗುರವಾದ ಗೇರು, ಹೆಚ್ಚುವರಿ ಟ್ಯೂಬು, ಚೈನ್ ಕೊಂಡಿ, ಬ್ರೇಕ್ ಪ್ಯಾಡು ಜೊತೆಗಿರಲಿ. ಅಕ್ಟೋಬರ್ ಕಳೆದರೆ ಹಿಮ ಬಿದ್ದು ಈ ರಸ್ತೆ ಮುಚ್ಚುತ್ತದೆ, ತೆರೆಯುವುದು ಮೇ–ಜೂನ್‌ನಲ್ಲಿ. ಹೊರಡುವ ಮುನ್ನ ಕಾಜಾದಲ್ಲಿ ವಿಚಾರಿಸಿ. ಕುಂಜುಮ್ ಮುಚ್ಚಿದ್ದರೆ ಬೇಸರ ಬೇಡ: ರೆಕಾಂಗ್ ಪಿಯೊ ಕಡೆ ಹೋಗುವ ಸರ್ಕಾರಿ ಬಸ್ಸಿನ ಮಾಡಿನ ಮೇಲೆ ಸೈಕಲ್ಲಿಗೂ ಜಾಗ ಇರುತ್ತದೆ.