ದುರ್ಗಿಗುಡಿಯ ಸೀರೆ, ಜಾಲದ ಬುಟ್ಟಿ

ಮದುವೆ ಸೀಸನ್ನಿನ ಸಂಜೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ಅದೇ ಪುಣ್ಯ. ಭದ್ರಾವತಿ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಜವಳಿಗೆಂದು ಬಂದು ಸೇರುವುದು ಇಲ್ಲಿಗೆ, ಇಲ್ಲವೇ ನೆಹರೂ ರಸ್ತೆಗೆ, ಗಾಂಧಿ ಬಜಾರಿಗೆ. ಇಂಥ ಬೀದಿಯಲ್ಲೂ ಗಲ್ಲಾದ ಮೇಲೆ ಅಪ್ಪ ಕೂತಿದ್ದರೆ, ಪಕ್ಕದಲ್ಲಿ ಮೊಬೈಲ್ ಹಿಡಿದ ಮಗನೋ ಮಗಳೋ ‘ನಾವೂ ಆನ್‌ಲೈನ್ ಶುರು ಮಾಡೋಣ’ ಎನ್ನುವ ಕಾಲ ಇದು. ಒಡನೆಯೇ ಏಳುವ ಪ್ರಶ್ನೆ: ಶಾಪಿಫೈ ಒಳ್ಳೆಯದೋ, ವೂಕಾಮರ್ಸೋ? ನನ್ನನ್ನು ಕೇಳಿದರೆ, ಸಾಫ್ಟ್‌ವೇರಿನ ಹೆಸರು ಎತ್ತುವ ಮೊದಲು ಕಪಾಟಿನಲ್ಲಿ ಏನಿದೆ ಎಂದು ನೋಡಬೇಕು.

ರೇಷ್ಮೆ ಸೀರೆಯ ಅಂಗಡಿಯಲ್ಲಿ ಒಂದು ಬಣ್ಣ, ಒಂದು ಅಂಚಿಗೆ ಇರುವುದು ಬಹುತೇಕ ಒಂದೇ ಪೀಸು. ಅದು ಮಧ್ಯಾಹ್ನ ಕೌಂಟರಿನಲ್ಲಿ ಮಾರಿಹೋಗಿರುತ್ತದೆ; ಜಾಲತಾಣದಲ್ಲಿ ಮಾತ್ರ ರಾತ್ರಿಯವರೆಗೂ ಇದ್ದೇ ಇರುತ್ತದೆ. ಬೆಂಗಳೂರಿನ ಯಾರೋ ದುಡ್ಡು ಕಟ್ಟುತ್ತಾರೆ, ಅಂಗಡಿಯವರು ಕ್ಷಮೆ ಕೇಳಿ ವಾಪಸು ಕಳಿಸುತ್ತಾರೆ. ಹೀಗೆ ನಾಲ್ಕು ಸಲ ಆದರೆ ಹೆಸರು ಕೆಡಲು ಅಷ್ಟು ಸಾಕು. ಬಿಲ್ಲಿಂಗ್ ಕಂಪ್ಯೂಟರಿನ ಸ್ಟಾಕೂ ಜಾಲದ ಸ್ಟಾಕೂ ಒಂದೇ ಆಗಿರದಿದ್ದರೆ ಎಂಥ ದುಬಾರಿ ಕಾರ್ಟ್ (ಜಾಲದ ಖರೀದಿ ಬುಟ್ಟಿಯ ತಂತ್ರಾಂಶ) ಕೊಂಡರೂ ಈ ಫಜೀತಿ ತಪ್ಪದು. ಒಂಟಿ ಪೀಸಿನ ವ್ಯಾಪಾರಕ್ಕೆ ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್, ಒಂದು ಯುಪಿಐ ಕ್ಯೂಆರ್ ಸದ್ಯಕ್ಕೆ ಧಾರಾಳ. ಚೌಕಾಸಿಗೂ ಅಲ್ಲಿ ಜಾಗವುಂಟು!

ಅಪ್ಪೆಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ, ಜೋನಿ ಬೆಲ್ಲ, ಪುಸ್ತಕ ಮಾರುವವರ ಕಥೆ ಬೇರೆ. ಒಂದೇ ಮಾಲು ಮತ್ತೆ ಮತ್ತೆ ಹೋಗುತ್ತದೆ, ಒಮ್ಮೆ ತೆಗೆದ ಫೋಟೊ ವರ್ಷವಿಡೀ ದುಡಿಯುತ್ತದೆ. ಕಾರ್ಟ್ ನಿಜವಾಗಿ ಬೇಕಿರುವುದು ಇವರಿಗೆ.

ಅದು ಮಾಡುವ ಕೆಲಸವಾದರೂ ಏನು? ಗಿರಾಕಿ ಆರಿಸಿದ್ದನ್ನು ನೆನಪಿಟ್ಟುಕೊಳ್ಳುವುದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ‘ಕುಕೀ’ ಎಂಬುದನ್ನು ರೂಪಿಸಿದ್ದು ಇಂಥ ಬುಟ್ಟಿಗಾಗಿಯೇ: ಅರ್ಧ ಮುಗಿದ ಖರೀದಿಯ ವಿವರ ಮಾರುವವನ ಸರ್ವರಿನಲ್ಲಿ ಕೂರುವ ಬದಲು ಕೊಳ್ಳುವವನ ಬ್ರೌಸರಿನಲ್ಲೇ ಇರಲಿ ಎಂದು. ಅದೇ ಕುಕೀ ಮುಂದೆ ಜಾಹೀರಾತಿನವರ ಕೈಗೆ ಸಿಕ್ಕಿ ನಮ್ಮನ್ನು ಊರೂರು ಹಿಂಬಾಲಿಸತೊಡಗಿತು.

ಈಗ ಖರ್ಚಿಗೆ ಬರೋಣ. ವೂಕಾಮರ್ಸ್ 2011ರಲ್ಲಿ ಬಂದ ಉಚಿತ ತಂತ್ರಾಂಶ, ವರ್ಡ್‌ಪ್ರೆಸ್ ಮೇಲೆ ಕೂರುತ್ತದೆ. ಉಚಿತವೆಂದರೂ ಹೋಸ್ಟಿಂಗ್, ಡೊಮೇನ್, ಅಪ್‌ಡೇಟ್ ಎಲ್ಲಕ್ಕೂ ನೀವೇ ಹೊಣೆ. ಕೆನಡಾದ ಶಾಪಿಫೈ ತಿಂಗಳ ಬಾಡಿಗೆಯದ್ದು; ರಿಪೇರಿ ಚಿಂತೆ ಅವರದು. ಆದರೆ ಅದರದೇ ಪಾವತಿ ಸೇವೆ ಭಾರತದಲ್ಲಿಲ್ಲ. ಬೇರೆಯವರ ಗೇಟ್‌ವೇ ಹಾಕಿಕೊಂಡರೆ ಬೇಸಿಕ್ ಪ್ಲಾನಿನಲ್ಲಿ ಶೇ 2 ಹೆಚ್ಚುವರಿ ಶುಲ್ಕ. ಗೇಟ್‌ವೇಯವರು ಸಾಮಾನ್ಯವಾಗಿ ತೆಗೆದುಕೊಳ್ಳುವ ಶೇ 2 ಮತ್ತು ಅದರ ಮೇಲಿನ ಶೇ 18 ಜಿಎಸ್‌ಟಿ ಬೇರೆಯೇ. ಗೇಟ್‌ವೇ ಮೂಲಕ 50,000 ರೂಪಾಯಿ ವ್ಯಾಪಾರವಾದ ತಿಂಗಳು ಬಾಡಿಗೆ ಬಿಟ್ಟೇ 2,180 ರೂಪಾಯಿ ಕೈಬಿಡುತ್ತದೆ. ಉಪ್ಪಿನಕಾಯಿಯ ಲಾಭ ಅಷ್ಟನ್ನು ತಡೆಯುತ್ತದೆಯೇ ಎಂಬುದು ಮನೆಯ ಲೆಕ್ಕ.

ತೆರಿಗೆಯ ವಿಷಯದಲ್ಲಿ ಹೊರದೇಶದ ಕಾರ್ಟುಗಳು ಎಡವುವುದು ಬಟ್ಟೆಯಲ್ಲಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಅಂದರೆ 2,600ರ ಕುರ್ತಾ ಹಬ್ಬದ ರಿಯಾಯಿತಿಯಲ್ಲಿ 2,400ಕ್ಕೆ ಇಳಿದಾಗ ತೆರಿಗೆ ದರವೂ ತಾನಾಗಿ ಇಳಿಯಬೇಕು. ದರವನ್ನು ವಸ್ತುವಿಗೆ ಅಂಟಿಸಿಟ್ಟ ತಂತ್ರಾಂಶಕ್ಕೆ ಇದು ತಿಳಿಯುವುದಿಲ್ಲ. ಕೊಳ್ಳುವ ಮೊದಲೇ ಇಂಥದೊಂದು ಬಿಲ್ ಹಾಕಿಸಿ ನೋಡಿ. ಇನ್ನೊಂದು: ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದವರು ಕಾರ್ಟಿನಲ್ಲಿ ‘ಕರ್ನಾಟಕ ಮಾತ್ರ’ ಎಂದು ಬೇಲಿ ಹಾಕಿಕೊಳ್ಳುವುದು ಕ್ಷೇಮ.

ಕನ್ನಡದ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಮಾಡಬೇಕು. ಅಂಗಡಿಯ ಹಳೆಯ ದರಪಟ್ಟಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಜಾಲಕ್ಕೆ ಏರಿಸಿದೊಡನೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗುತ್ತದೆ. ಮೊದಲು ಯೂನಿಕೋಡಿಗೆ ತಿರುಗಿಸಬೇಕು. ಪರದೆಯ ಮೇಲೆ ಚೆನ್ನಾಗಿ ಕಾಣುವ ಹೆಸರು ಪಿಡಿಎಫ್ ಬಿಲ್ಲಿನಲ್ಲಿ ಒತ್ತಕ್ಷರ ಕಳಚಿಕೊಂಡು ಬೀಳುವುದೂ ಉಂಟು. ‘ಅಪ್ಪೆಮಿಡಿ’ ಎಂದು ಹುಡುಕಿದರೂ, ಅದನ್ನೇ ಎರಡು ಪದವಾಗಿಸಿ ಹುಡುಕಿದರೂ, ಇಂಗ್ಲಿಷಿನಲ್ಲಿ ಟೈಪಿಸಿದರೂ ಒಂದೇ ಜಾಡಿ ಸಿಗಬೇಕು.

ಇನ್ನು ಸಾಗಣೆ. ಕೊರಿಯರ್‌ನವರು ತೂಕದ ಜತೆ ಗಾತ್ರವನ್ನೂ ಅಳೆಯುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಹುಪಾಲು 5,000ದಿಂದ ಭಾಗಿಸುತ್ತಾರೆ. 40, 30, 30ರ ಪೆಟ್ಟಿಗೆ ಅವರ ಪಾಲಿಗೆ 7.2 ಕಿಲೋ, ಒಳಗೆ ಮಂಡಕ್ಕಿ ಇದ್ದರೂ ಅಷ್ಟೇ. ತೂಕವನ್ನಷ್ಟೇ ನೋಡುವ ಕಾರ್ಟ್ ಇಲ್ಲಿ ಅಂಗಡಿಯವರ ಜೇಬಿಗೆ ಕತ್ತರಿ. ಮಲೆನಾಡಿನ ಒಂಟಿಮನೆಗಳಿಗೆ ಎಷ್ಟೋ ಖಾಸಗಿ ಕೊರಿಯರ್ ಹೋಗುವುದೇ ಇಲ್ಲ, ಅಂಚೆಯಣ್ಣ ಹೋಗುತ್ತಾನೆ. ಆದ್ದರಿಂದ ಪಿನ್‌ಕೋಡ್ ನೋಡಿ ಸಾಗಣೆ ಬದಲಿಸುವ ಸೌಲಭ್ಯ ಇರಲೇಬೇಕು. ಕ್ಯಾಶ್ ಆನ್ ಡೆಲಿವರಿಯನ್ನೂ ಹಾಗೆಯೇ ಊರು ನೋಡಿ ಕೊಡಬೇಕು, ವಾಪಸು ಬಂದ ಪಾರ್ಸೆಲ್ಲಿಗೆ ಎರಡೂ ದಾರಿಯ ಬಾಡಿಗೆ ಮಾರಿದವನ ತಲೆಗೇ ಬರುವುದರಿಂದ.

ಒಪ್ಪಂದದ ಹೊತ್ತಿಗೆ ಒಂದು ಮಾತು. ತಾಣ ಕಟ್ಟಿಕೊಟ್ಟ ಹುಡುಗನಿಗೆ ನಾಳೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಸಿಗಲಿ ಪಾಪ. ಡೊಮೇನ್ ಮಾತ್ರ ಅವನ ಇಮೇಲಿನಲ್ಲಿರದೆ ಅಂಗಡಿಯ ಇಮೇಲಿನಲ್ಲಿ ನೋಂದಣಿಯಾಗಿರಲಿ, ನವೀಕರಣದ ಎಸ್ಸೆಮ್ಮೆಸ್ಸು ಗಲ್ಲಾದಲ್ಲಿ ಕೂತವರ ಫೋನಿಗೇ ಬರಲಿ. ಗಿರಾಕಿಗಳ ಪಟ್ಟಿ, ವಸ್ತುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಫೈಲಾಗಿ ಇಳಿಸಿ ಇಟ್ಟುಕೊಳ್ಳಲು ಬಿಡದ ಕಾರ್ಟಾದರೆ, ಅದು ಎಷ್ಟೇ ಅಗ್ಗವಿರಲಿ, ಬೇಡ.