ಡಿಸೆಂಬರ್ ಒಗಟು: ಲೆಕ್ಕ ಒಂದೇ, ಭಾಷೆ ಹಲವು



ಡಿಸೆಂಬರ್ ಒಂದನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಮನೆಯ ಸಾಫ್ಟ್‌ವೇರ್ ಹುಡುಗನೋ ಹುಡುಗಿಯೋ ಕಾಫಿ ಆರುವುದಕ್ಕೆ ಬಿಟ್ಟು, ಮೀನು, ದೋಣಿ, ಸಾಂತಾಕ್ಲಾಸ್ ಎಂದೇನೋ ಗೊಣಗುತ್ತಾ ಕೂತಿದ್ದರೆ ಗಾಬರಿಯಾಗಬೇಡಿ. ‘ಅಡ್ವೆಂಟ್ ಆಫ್ ಕೋಡ್’ ಶುರುವಾಗಿದೆ ಎಂದು ತಿಳಿಯಿರಿ.

ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಎಂದು ಮಕ್ಕಳು ಎಣಿಸಲೆಂದು ಜರ್ಮನಿಯಲ್ಲಿ ಹುಟ್ಟಿದ ಒಂದು ಕ್ಯಾಲೆಂಡರ್ ಇದೆ. ಅದರಲ್ಲಿ ದಿನಕ್ಕೊಂದು ಪುಟ್ಟ ಬಾಗಿಲು, ತೆರೆದರೆ ಒಂದು ಚಿತ್ರವೋ ಚಾಕೊಲೇಟೋ ಸಿಗುತ್ತದೆ. ಎರಿಕ್ ವಾಸ್ಟ್ಲ್ ಎಂಬ ಅಮೆರಿಕದ ಪ್ರೋಗ್ರಾಮರ್ 2015ರಲ್ಲಿ ಚಾಕೊಲೇಟಿನ ಜಾಗದಲ್ಲಿ ಪ್ರೋಗ್ರಾಮಿಂಗ್ ಒಗಟು ಇಟ್ಟರು. 2024ರವರೆಗೆ ವರ್ಷಕ್ಕೆ 25 ದಿನ ಒಗಟು ಬರುತ್ತಿತ್ತು, 2025ರಲ್ಲಿ ಅದು 12 ದಿನಕ್ಕೆ ಇಳಿಯಿತು. ಪ್ರತಿ ಒಗಟಿಗೂ ಎರಡು ಭಾಗ. ಮೊದಲನೆಯದರ ಉತ್ತರ ಸರಿಯಾದರೆ ಮಾತ್ರ ಎರಡನೆಯದು ಕಾಣಿಸುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಧ್ಯರಾತ್ರಿಯಾದಾಗ ಬಾಗಿಲು ತೆರೆಯುತ್ತದೆ. ಅವರಿಗೆ ನಿದ್ದೆಗೇಡು, ನಮಗೆ ಆಫೀಸಿನ ಮೀಟಿಂಗ್ ಹೊತ್ತು!

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ನೀವು ಬರೆದ ಪ್ರೋಗ್ರಾಮನ್ನು ಇಲ್ಲಿ ಯಾರೂ ಕೇಳುವುದಿಲ್ಲ. ನಿಮಗೊಂದು ಮಾಹಿತಿಯ ಕಡತ ಕೊಡುತ್ತಾರೆ, ಅದರಿಂದ ಬಂದ ಉತ್ತರವನ್ನಷ್ಟೇ ನೀವು ತಿರುಗಿ ಕೊಡಬೇಕು. ಪೈಥಾನ್, ಜಾವಾ, ಹ್ಯಾಸ್ಕೆಲ್, ಎಕ್ಸೆಲ್, ಕೊನೆಗೆ ಕಾಗದ ಪೆನ್ಸಿಲ್, ಯಾವುದಾದರೂ ಸರಿ. ಹಾಗಾಗಿ ಅನೇಕರು ತಮಗೆ ಬಾರದ ಭಾಷೆ ಕಲಿಯುವುದಕ್ಕೇ ಡಿಸೆಂಬರ್ ತಿಂಗಳನ್ನು ಮೀಸಲಿಡುತ್ತಾರೆ. ಒಂದೇ ಭಾಷೆಯಲ್ಲಿ ಹತ್ತು ವರ್ಷ ಸಂಬಳ ತೆಗೆದುಕೊಂಡವರು ಇದನ್ನೊಮ್ಮೆ ಮಾಡಿ ನೋಡಬೇಕು. ನಮಗೆ ಬರುವುದು ಪ್ರೋಗ್ರಾಮಿಂಗೋ ಅಥವಾ ಬರೀ ಆ ಭಾಷೆಯೋ ಎಂಬುದು ಬೇಗ ಗೊತ್ತಾಗುತ್ತದೆ.

ಉದಾಹರಣೆಗೆ 2021ರ ಆರನೇ ದಿನದ ಒಗಟು ನೋಡಿ. ಸಮುದ್ರದಲ್ಲಿ ಲ್ಯಾಂಟರ್ನ್ ಮೀನುಗಳಿವೆ. ಒಂದೊಂದರ ಮೇಲೂ ಒಂದು ಅಂಕಿ, ಅದು ದಿನಕ್ಕೊಂದರಂತೆ ಇಳಿಯುತ್ತದೆ. ಸೊನ್ನೆ ಮುಟ್ಟಿದ ಮರುದಿನ ಆ ಮೀನಿನ ಅಂಕಿ ಮತ್ತೆ 6 ಆಗುತ್ತದೆ, ಜೊತೆಗೆ 8ನೇ ಅಂಕಿಯ ಮರಿಯೊಂದು ಹುಟ್ಟುತ್ತದೆ. ಯಾವ ಮೀನೂ ಸಾಯುವುದಿಲ್ಲ. ಒಗಟಿನಲ್ಲೇ ಕೊಟ್ಟ ಮಾದರಿಯಲ್ಲಿ ಐದೇ ಮೀನು: 3, 4, 3, 1, 2. ಹದಿನೆಂಟು ದಿನದಲ್ಲಿ ಅವು 26 ಆಗುತ್ತವೆ, 80 ದಿನದಲ್ಲಿ 5934. ಇಲ್ಲಿಗೆ ಮೊದಲ ಭಾಗ ಮುಗಿಯಿತು. ಒಂದೊಂದು ಮೀನನ್ನೂ ಪಟ್ಟಿಯಲ್ಲಿ ಬರೆದುಕೊಂಡು ಎಣಿಸಿದರೂ ನಡೆಯುತ್ತದೆ.

ಎರಡನೇ ಭಾಗ ಕೇಳುವುದು 256 ದಿನದ ಲೆಕ್ಕ. ಅದೇ ಐದು ಮೀನಿನ ಸಂಸಾರ ಆಗ 26984457539, ಅಂದರೆ 2698 ಕೋಟಿಗೂ ಮೇಲೆ! ನಿಮಗೆ ಸಿಗುವ ನಿಜವಾದ ಕಡತದಲ್ಲಿ ಮುನ್ನೂರರಷ್ಟು ಮೀನುಗಳಿರುವುದರಿಂದ ಉತ್ತರ ಒಂದು ಲಕ್ಷ ಕೋಟಿಯನ್ನೂ ದಾಟುತ್ತದೆ. ಪಟ್ಟಿ ಮಾಡಲು ಹೊರಟರೆ ಕಂಪ್ಯೂಟರಿನ ಮೆಮೊರಿ ತುಂಬಿ ಯಂತ್ರ ಕೈ ಚೆಲ್ಲುತ್ತದೆ.

ದಾರಿ ಸುಲಭವೇ, ಹೊಳೆಯಬೇಕು ಅಷ್ಟೆ. ಒಂದೇ ಅಂಕಿಯ ಮೀನುಗಳೆಲ್ಲ ಒಂದೇ ರೀತಿ ನಡೆದುಕೊಳ್ಳುತ್ತವೆ. ಆದ್ದರಿಂದ ಮೀನುಗಳನ್ನು ಬಿಟ್ಟು, ಯಾವ ಅಂಕಿಯವು ಎಷ್ಟಿವೆ ಎಂದು ಬರೆದಿಟ್ಟರೆ ಸಾಕು. ಸೊನ್ನೆಯಿಂದ ಎಂಟರವರೆಗೆ ಒಂಬತ್ತೇ ಮನೆ. ನಮ್ಮ ಚೆನ್ನೆಮಣೆಯಲ್ಲಿ ಕಾಯಿ ಸಾಗಿಸಿದ ಹಾಗೆ ದಿನವೂ ಎಲ್ಲವನ್ನೂ ಒಂದು ಮನೆ ಕೆಳಕ್ಕೆ ಸಾಗಿಸಿ. ಸೊನ್ನೆಯ ಮನೆಯಲ್ಲಿದ್ದಷ್ಟನ್ನು ಆರರ ಮನೆಗೆ ಕೂಡಿಸಿ, ಅಷ್ಟನ್ನೇ ಎಂಟರ ಮನೆಗೂ ಹಾಕಿ. ಇದನ್ನು 256 ಸಲ ಮಾಡಿದರೆ ಆಯಿತು, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಇಷ್ಟು ಲೆಕ್ಕ ಎಲ್ಲ ಭಾಷೆಗೂ ಒಂದೇ. ವ್ಯತ್ಯಾಸ ಕಾಣುವುದು ಬರೆಯಲು ಕೂತಾಗ.

ಪೈಥಾನಿನಲ್ಲಿ ನಾನಿದನ್ನು ನಾಲ್ಕು ಸಾಲಿನಲ್ಲಿ ಬರೆದು, ಉತ್ತರ ಸರಿಯಾಗಿ ಬಂದು, ಬೀಗಿದ್ದೆ. ಅದನ್ನೇ ಜಾವಾದಲ್ಲಿ ಬರೆದಾಗ ಮೀನಿನ ಸಂಖ್ಯೆ ಮೈನಸ್ ಬಂತು! ಸಾಲ ಮಾಡಿದ ಮೀನುಗಳೇ? ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಜಾವಾದ ‘ಇಂಟ್’ ಎಂಬ ಪೆಟ್ಟಿಗೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647, ಅಂದರೆ 214 ಕೋಟಿ ಚಿಲ್ಲರೆ. ಅದನ್ನು ಮೀರಿದರೆ ಯಾವ ದೂರೂ ಹೇಳದೆ ಅದು ಋಣಸಂಖ್ಯೆಗೆ ಸುತ್ತಿಬರುತ್ತದೆ. ‘ಲಾಂಗ್’ ಎಂದು ಬರೆದರೆ ಸರಿಹೋಗುತ್ತದೆ. ರಸ್ಟ್ ಭಾಷೆಯಲ್ಲಾದರೆ ಪರೀಕ್ಷೆಯ ಹಂತದಲ್ಲೇ ಪ್ರೋಗ್ರಾಂ ಕೂಗಿ ನಿಲ್ಲುತ್ತಿತ್ತು. ಪೈಥಾನ್ ಮಾತ್ರ ಸಂಖ್ಯೆ ಬೆಳೆದ ಹಾಗೆ ಪೆಟ್ಟಿಗೆಯನ್ನೂ ಬೆಳೆಸುತ್ತಾ ಹೋಗಿತ್ತು. ಅದು ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಉಪಕಾರ ನನಗೆ ತಿಳಿದದ್ದು ಜಾವಾ ಕೈಕೊಟ್ಟ ಮೇಲೆಯೇ.

ದೆಹಲಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಬಸ್ಸೂ ಬಂತು, ಟ್ರಕ್ಕೂ ಬಂತು, ಮುಗಿಯಿತು. ಹಿಂದಿಗೆ ಹೋದರೆ ಬಸ್ಸು ಹೆಣ್ಣು, ಟ್ರಕ್ಕು ಗಂಡು. ಅದನ್ನು ತೀರ್ಮಾನಿಸದೆ ಬಾಯಿ ತೆರೆಯುವಂತಿಲ್ಲ. ಜಾವಾದಲ್ಲೂ ಹಾಗೆಯೇ, ಸಂಖ್ಯೆ ಎಷ್ಟು ದೊಡ್ಡದಾಗಬಹುದೆಂದು ಮೊದಲೇ ಹೇಳಬೇಕು.

ಹ್ಯಾಸ್ಕೆಲ್‌ನದು ಇನ್ನೊಂದೇ ದಾರಿ. ಅಲ್ಲಿ ಒಮ್ಮೆ ಬರೆದ ಪಟ್ಟಿಯನ್ನು ತಿದ್ದುವ ಪದ್ಧತಿಯಿಲ್ಲ. ಇವತ್ತಿನ ಒಂಬತ್ತು ಮನೆಯಿಂದ ನಾಳೆಯ ಒಂಬತ್ತು ಮನೆ ಹೇಗೆ ಬರುತ್ತದೆ ಎಂಬ ನಿಯಮ ಹೇಳಬೇಕು, ಅಷ್ಟೆ. ‘ಇಟರೇಟ್’ ಎಂಬ ಒಂದು ಪದ ಆ ನಿಯಮದಿಂದ ಕೊನೆಯಿಲ್ಲದ ದಿನಗಳ ಸಾಲನ್ನೇ ಕೊಡುತ್ತದೆ. ಅದರಲ್ಲಿ 80ನೆಯದನ್ನು ತೆಗೆದರೆ ಮೊದಲ ಭಾಗ, 256ನೆಯದನ್ನು ತೆಗೆದರೆ ಎರಡನೇ ಭಾಗ. ಇದನ್ನು ಕಂಡ ಮೇಲೆ ಪೈಥಾನಿನಲ್ಲೂ ನಾನು ಬರೆಯುವ ರೀತಿ ಬದಲಾಯಿತು.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಎಕ್ಸೆಲ್ ತೆರೆಯಿರಿ. ಒಂಬತ್ತು ಕಾಲಂ, ಮೊದಲ ಸಾಲಿನಲ್ಲಿ 0, 1, 1, 2, 1, ಆಮೇಲೆ ನಾಲ್ಕು ಸೊನ್ನೆ. ಎರಡನೇ ಸಾಲಿನ ಪ್ರತಿ ಮನೆಗೂ ಮೇಲಿನ ಸಾಲಿನಲ್ಲಿ ಅದರ ಬಲಕ್ಕಿರುವ ಮನೆಯ ಸಂಖ್ಯೆ ಬರಲಿ. ಏಳನೇ ಕಾಲಂಗೆ ಮೇಲಿನ ಸಾಲಿನ ಮೊದಲ ಮನೆಯನ್ನೂ ಕೂಡಿಸಿ, ಒಂಬತ್ತನೆಯದಕ್ಕೆ ಅದನ್ನೇ ಹಾಕಿ. ಸೂತ್ರವನ್ನು 257ನೇ ಸಾಲಿನವರೆಗೆ ಎಳೆದು ಕೊನೆಯ ಸಾಲಿನ ಮೊತ್ತ ನೋಡಿ. ಮುಂಬೈ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಮಾಡಿ ಮುಗಿಸಬಹುದು.

ಹಿಂದೆ ಇದರಲ್ಲಿ ಓಟದ ಪಂದ್ಯವೂ ಇತ್ತು. ಜಗತ್ತಿನಲ್ಲಿ ಮೊದಲು ಬಿಡಿಸಿದ ನೂರು ಜನರ ಹೆಸರು ಪಟ್ಟಿಯಲ್ಲಿ ಬರುತ್ತಿತ್ತು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಒಗಟು ಓದಿ ಮುಗಿಸಲೂ ಸಾಲದಷ್ಟು ಸೆಕೆಂಡುಗಳಲ್ಲಿ ಉತ್ತರ ಬೀಳತೊಡಗಿತು. 2025ರಲ್ಲಿ ವಾಸ್ಟ್ಲ್ ಆ ಪಟ್ಟಿಯನ್ನೇ ತೆಗೆದುಹಾಕಿದರು. ಗೆಳೆಯರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಸಣ್ಣ ಪಟ್ಟಿಗಳು ಉಳಿದಿವೆ. ಕೃತಕ ಬುದ್ಧಿಮತ್ತೆಯಿಂದ ಬಿಡಿಸಬಹುದೇ ಎಂದು ಕೇಳುವವರಿಗೆ ಅವರ ಉತ್ತರದ ಸಾರ ಇಷ್ಟು: ನಿಮ್ಮ ಬದಲು ಗೆಳೆಯನನ್ನು ಜಿಮ್‌ಗೆ ಕಳಿಸಿದರೆ ನಿಮ್ಮ ತೋಳು ಗಟ್ಟಿಯಾಗುವುದೇ? ಪಟ್ಟಿ ಹೋದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅನಿಸಿಕೆ. ಹೊಸ ಭಾಷೆಯಲ್ಲಿ ತಡವರಿಸುವವನು ಹೇಗೂ ಆ ನೂರರಲ್ಲಿ ಬರುತ್ತಿರಲಿಲ್ಲ.

ಡಿಸೆಂಬರ್‌ವರೆಗೆ ಕಾಯಬೇಕಿಲ್ಲ, 2015ರಿಂದ ಈಚಿನ ಎಲ್ಲ ಒಗಟುಗಳೂ ಉಚಿತವಾಗಿ ಸಿಗುತ್ತವೆ. ಮೊಟ್ಟಮೊದಲನೆಯದು ತೀರಾ ಚಿಕ್ಕದು: ತೆರೆದ ಆವರಣ ಚಿಹ್ನೆ ಕಂಡರೆ ಸಾಂತಾ ಒಂದು ಮಹಡಿ ಮೇಲೆ, ಮುಚ್ಚಿದ ಚಿಹ್ನೆ ಕಂಡರೆ ಒಂದು ಮಹಡಿ ಕೆಳಗೆ, ಕೊನೆಗೆ ಎಲ್ಲಿರುತ್ತಾನೆ? ಮೊದಲು ನಿಮಗೆ ಬರುವ ಭಾಷೆಯಲ್ಲಿ ಬಿಡಿಸಿ, ಆಮೇಲೆ ಬಾರದ ಭಾಷೆಯಲ್ಲಿ. ಎರಡನೇ ಭಾಗದಲ್ಲಿ ಅವನು ನೆಲಮಾಳಿಗೆಗೆ ಮೊದಲು ಇಳಿಯುವುದು ಎಷ್ಟನೇ ಚಿಹ್ನೆಗೆ ಎಂದು ಕೇಳುತ್ತಾರೆ. ಅಲ್ಲಿ ಎಣಿಕೆ ಒಂದರಿಂದ ಶುರು. ಸೊನ್ನೆಯಿಂದ ಎಣಿಸುವ ಭಾಷೆಯವರು ಸ್ವಲ್ಪ ಜೋಪಾನ!